ಹಳೆಯ ಫಾಂಟಿಗೂ ಒಂದು ಗಡುವು ಬೇಕು

ಹದಿನೈದು ವರ್ಷದ ಹಿಂದಿನ ಲಗ್ನಪತ್ರಿಕೆಯ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಗಂಗಾನಗರದ ಡಿಟಿಪಿ ಅಂಗಡಿಗೆ ಹೋದವರಿಗೆ, ಹೊಸ ಕಂಪ್ಯೂಟರಿನ ಪರದೆಯ ಮೇಲೆ ಕನ್ನಡ ಕಾಣದೇ ಹೋಗಬಹುದು. ಕಾಣುವುದು ಟೋಪಿ ಹಾಕಿದ ರೋಮನ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ವರನ ಹೆಸರಿಲ್ಲ, ಮುಹೂರ್ತವಿಲ್ಲ. ಹಳೆಯ ನುಡಿ ಫಾಂಟ್ ಹಾಕಿದೊಡನೆ ಎಲ್ಲ ಮರಳುತ್ತದೆ.

ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ವಿಂಡೋಸ್‌ಗೆ ಕನ್ನಡವೇ ಗೊತ್ತಿಲ್ಲದ ಕಾಲದಲ್ಲಿ ಬರಹ, ನುಡಿ ತಂತ್ರಾಂಶಗಳು ಕನ್ನಡವನ್ನು ಕಾಪಾಡಿದ್ದು ಹೀಗೆಯೇ. ಆ ಋಣ ದೊಡ್ಡದು. ಆದರೆ ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತ ಪದ್ಧತಿ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕೊಟ್ಟಿದೆ. ಇಷ್ಟಾದರೂ ಹಳೆಯ ಪದ್ಧತಿ ಬದುಕಿರುವುದು ಮುಖ್ಯವಾಗಿ ಯೂನಿಕೋಡ್ ಅರಿಯದ, ಪುಟ ಕಟ್ಟುವ ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗಾಗಿ. ಅದರ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ.

ಹಾಗೆಂದು ರಾತ್ರೋರಾತ್ರಿ ಕಿತ್ತೆಸೆಯುವುದೂ ಸರಿಯಲ್ಲ. ಹಳೆಯದನ್ನು ಹಂತಹಂತವಾಗಿ ಬಿಡುವುದಕ್ಕೆ ಒಂದು ಒಳ್ಳೆಯ ಮಾದರಿ ಕ್ಯೂಎಮು ತಂತ್ರಾಂಶದಲ್ಲಿದೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನೇ ಸೃಷ್ಟಿಸುವ ಈ ಮುಕ್ತ ತಂತ್ರಾಂಶವನ್ನು 2003ರಲ್ಲಿ ಆರಂಭಿಸಿದವರು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್. ಅಲ್ಲಿ ಒಂದು ಹಳೆಯ ಆಯ್ಕೆ ಬೇಡವೆನಿಸಿದರೆ ಮೊದಲು ಅದನ್ನು ನಿವೃತ್ತಿಯ ಪಟ್ಟಿಗೆ ಸೇರಿಸುತ್ತಾರೆ. ಬಳಸಿದವರಿಗೆ ಎಚ್ಚರಿಕೆಯ ಸಾಲು ಕಾಣುತ್ತದೆ. ಬದಲಿಗೆ ಏನು ಬಳಸಬೇಕೆಂದೂ ಹೇಳುತ್ತಾರೆ. ಕನಿಷ್ಠ ಎರಡು ಆವೃತ್ತಿಗಳು ಕಳೆದ ಮೇಲೆಯೇ ಕತ್ತರಿ. ಸೌಂಡ್ ಕಾರ್ಡ್ ಆರಿಸುವ ಹಳೆಯ ಆಯ್ಕೆ 2022ರಲ್ಲಿ 7.1ನೇ ಆವೃತ್ತಿಯಿಂದ ಹೋದದ್ದು ಹೀಗೆಯೇ. ಅದೇ ಬೇಕೆನ್ನುವವರಿಗೆ ಹಿಂದಿನ ಆವೃತ್ತಿಯ ಮೂಲಸಂಕೇತ ಇಂದಿಗೂ ಸಿಗುತ್ತದೆ.

ಕನ್ನಡಕ್ಕೆ ಬೇಕಿರುವುದು ಇಂಥದೇ ನಡೆ. ಹಳೆಯ ಸಂಕೇತದಲ್ಲಿ ಹೊಸ ಕಡತ ಉಳಿಸುವುದು ಯಾವಾಗ ನಿಲ್ಲುತ್ತದೆಂದು ಸರ್ಕಾರ ದಿನಾಂಕ ಹೇಳಲಿ. ಅಲ್ಲಿಯವರೆಗೆ ಕಡತ ಉಳಿಸುವಾಗಲೆಲ್ಲ ಎಚ್ಚರಿಕೆ ಬರಲಿ, ಪಕ್ಕದಲ್ಲೇ ಯೂನಿಕೋಡಿಗೆ ಬದಲಾಯಿಸುವ ಗುಂಡಿ ಇರಲಿ. ಹಳೆಯದನ್ನು ತೆರೆದು ಓದುವ ಸೌಲಭ್ಯ ಮಾತ್ರ ಎಂದಿಗೂ ಹೋಗಬಾರದು. ಪೇಜ್‌ಮೇಕರ್ ಬಿಡಲಾಗದ ಮುದ್ರಣಾಲಯಗಳು ಹಳೆಯ ವಿಂಡೋಸನ್ನು ಕ್ಯೂಎಮುವಿನೊಳಗೇ ಇಟ್ಟುಕೊಳ್ಳಬಹುದು.

ಮನೆಯಲ್ಲಿ ಅಂಥ ಕಡತಗಳಿದ್ದರೆ ಗಡುವಿಗೆ ಕಾಯಬೇಡಿ. ಈ ವಾರವೇ ಯೂನಿಕೋಡಿಗೆ ಬದಲಾಯಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ತಪ್ಪು ಹೆಚ್ಚಾಗಿ ನುಸುಳುವುದು ಅಲ್ಲೇ. ಮೂಲ ಕಡತವನ್ನು ಅಳಿಸಬೇಡಿ.