ಮನೆ ಕೊಂಡವರದು, ಬಾಡಿಗೆ ಯಾರದು?

ಬಂಗಾರಪೇಟೆ: ಚಿನ್ನದ ಗಣಿಯ ಕಾಲದಲ್ಲಿ ಕೆಜಿಎಫ್‌ನ ಕಾರ್ಮಿಕ ಕುಟುಂಬಗಳಿಗೆ ಸ್ವಂತದ್ದು ಎನ್ನುವಂಥದ್ದು ಕಡಿಮೆ. ವಾಸದ ಲೈನ್ ಮನೆ ಕಂಪನಿಯದು, ನೀರೂ ದೀಪವೂ ಕಂಪನಿಯವೇ. 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು ಮೊದಲು ಮುಟ್ಟಿದ್ದೂ ಗಣಿಗಳನ್ನೇ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಕಾಲೋನಿ ಮನೆಗಳ ಹಕ್ಕಿನ ಪ್ರಶ್ನೆ ಪ್ರತ್ಯೇಕ ಚರ್ಚೆಗೆ ಅರ್ಹವಾದುದು. ಆದರೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಕ್ರಯಪತ್ರ ಮಾಡಿಸಿಕೊಂಡು ಖಾಸಗಿ ಮನೆ ಕೊಳ್ಳುವವರೂ, ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತ ಇಲ್ಲೊಂದು ಸೂರು ಮಾಡಿಕೊಳ್ಳುವ ನೌಕರರೂ ಈಗ ಇನ್ನೊಂದು ಬಗೆಯ ತೊಡಕಿಗೆ ಸಿದ್ಧರಿರಬೇಕಾಗಿದೆ. ಮನೆ ತಮ್ಮ ಹೆಸರಿಗೆ ಬಂದರೂ ಅದರೊಳಗಿನ ಕೆಲವು ಸಾಧನಗಳು ಮೂರನೆಯವರ ಸ್ವತ್ತಾಗಿ ಉಳಿದಿರುವ ಸಾಧ್ಯತೆಯಿದೆ.

ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಕೋಲಾರ ಜಿಲ್ಲೆಯಲ್ಲಿ ಶುದ್ಧೀಕರಣ ಯಂತ್ರ ಐಷಾರಾಮದ ವಸ್ತುವಲ್ಲ. ಅದನ್ನು ಕೊಳ್ಳದೆ ತಿಂಗಳ ಬಾಡಿಗೆಗೆ ಪಡೆಯುವ ಪದ್ಧತಿ ಬೆಂಗಳೂರಿನಲ್ಲಿ ಆಗಲೇ ಬೇರೂರಿದೆ. ಕಣ್ಗಾವಲು ಕ್ಯಾಮೆರಾ, ಕಂತಿನ ಮೇಲೆ ತಂದ ಇನ್ವರ್ಟರ್, ಛಾವಣಿಯ ಸೌರಫಲಕ ಇವೂ ಇದೇ ಸಾಲಿಗೆ ಸೇರುತ್ತವೆ. ಮಾರಾಟಗಾರರು ಬೀಗದ ಕೈ ಕೊಟ್ಟು ಹೊರಡುತ್ತಾರೆ. ಮುಂದಿನ ತಿಂಗಳು ಬಾಡಿಗೆ ಕೇಳಿಕೊಂಡು ಬರುವವರು ಹೊಸಬರ ಬಾಗಿಲನ್ನೇ ತಟ್ಟುತ್ತಾರೆ.

ಇಂಥ ಬಾಡಿಗೆ ಕರಾರು ಬಂಧಿಸುವುದು ಸಹಿ ಮಾಡಿದ ವ್ಯಕ್ತಿಯನ್ನೇ ಹೊರತು ಮನೆಯನ್ನಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ಪ್ರಕಾರ ಹಳೆಯ ಕರಾರಿನ ಜಾಗದಲ್ಲಿ ಹೊಸದು ಬರಬೇಕಾದರೆ ಸಂಬಂಧಪಟ್ಟವರೆಲ್ಲರ ಒಪ್ಪಿಗೆ ಬೇಕು. ಒಪ್ಪದ ಖರೀದಿದಾರರ ತಲೆಗೆ ಉಳಿದ ಕಂತುಗಳನ್ನು ಕಟ್ಟಲು ಕಂಪನಿಗೆ ಅಧಿಕಾರವಿಲ್ಲ. ಹಾಗೆಂದು ಯಂತ್ರ ಖರೀದಿದಾರರ ಪಾಲಿಗೆ ಬಿಟ್ಟಿ ಸಿಕ್ಕಿತೆಂದೂ ಅಲ್ಲ. ತನಗಿಲ್ಲದ ಒಡೆತನವನ್ನು ಮಾರಾಟಗಾರ ಇನ್ನೊಬ್ಬರಿಗೆ ದಾಟಿಸಲಾರ.

ವಿದ್ಯುತ್ ಬಾಕಿಯ ಮಾತು ಮಾತ್ರ ಬೇರೆ. 2023ರ ಮೇ 19ರಂದು ಕೆ.ಸಿ. ನಿನಾನ್ ಮತ್ತು ಕೇರಳ ರಾಜ್ಯ ವಿದ್ಯುತ್ ಮಂಡಳಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಇಲ್ಲಿ ಮುಖ್ಯ. ಶಾಸನಬದ್ಧ ನಿಯಮಗಳಲ್ಲಿ ಅವಕಾಶವಿದ್ದರೆ, ಹಿಂದಿನ ಮಾಲೀಕರ ಬಾಕಿ ತೀರಿಸಿದ ನಂತರವೇ ಸಂಪರ್ಕ ಕೊಡುವುದಾಗಿ ವಿದ್ಯುತ್ ಕಂಪನಿ ಷರತ್ತು ಹಾಕಬಹುದು ಎಂದು ನ್ಯಾಯಾಲಯ ಹೇಳಿತು. ಆದಕಾರಣ ಬೆಸ್ಕಾಂ ಬಾಕಿಯನ್ನು ಶುದ್ಧೀಕರಣ ಯಂತ್ರದ ಬಾಡಿಗೆಯಂತೆ ಭಾವಿಸಿ ಸುಮ್ಮನಿರುವುದು ದುಬಾರಿಯಾದೀತು. ಆರ್‌.ಆರ್‌. ಸಂಖ್ಯೆ ಹಿಡಿದು ಬಾಕಿ ವಿಚಾರಿಸುವುದು ಅರ್ಧ ಗಂಟೆಯ ಕೆಲಸ.

ಮುಂದಿನ ವರ್ಷಗಳಲ್ಲಿ ಹೆಚ್ಚು ತಗಾದೆ ಹುಟ್ಟಿಸಬಹುದಾದದ್ದು ಸೌರಫಲಕ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಸ್ವಂತ ಹಣದಿಂದ ಹಾಕಿಸಿದ ಘಟಕಕ್ಕೆ ಈ ತೊಂದರೆಯಿಲ್ಲ, ಅದು ಮನೆಯ ಜೊತೆಗೇ ಮಾರಾಟವಾಗುತ್ತದೆ. ಬ್ಯಾಂಕ್ ಸಾಲವಿದ್ದರೆ ತೀರಿದೆಯೇ ಎಂದು ನೋಡಿದರಾಯಿತು. ಆದರೆ ಕಂಪನಿಯೇ ಬಂಡವಾಳ ಹೂಡಿ, ಛಾವಣಿಯನ್ನಷ್ಟೇ ಬಳಸಿಕೊಂಡು, ಮನೆಯವರಿಗೆ ಯೂನಿಟ್ ಲೆಕ್ಕದಲ್ಲಿ ವಿದ್ಯುತ್ ಮಾರುವ ಮಾದರಿಯೂ ಇದೆ. ಅದರಲ್ಲಿ ಕರಾರಿನ ಅವಧಿ ಮುಗಿಯುವವರೆಗೆ ಫಲಕಗಳು ಕಂಪನಿಯವೇ, ಆ ಅವಧಿ ಹಲವು ವರ್ಷಗಳದ್ದು. ಮಹಡಿ ಎತ್ತರಿಸಬೇಕೆಂದು ಹೊರಟ ಹೊಸ ಮಾಲೀಕರಿಗೆ ತಮ್ಮ ಛಾವಣಿಯ ಮೇಲೆಯೇ ಅನ್ಯರ ಸ್ವತ್ತು ಅಡ್ಡ ಬರುತ್ತದೆ.

ಈ ವ್ಯವಹಾರ ಎಲ್ಲಿಯವರೆಗೆ ಹೋಗಬಲ್ಲುದು ಎಂಬುದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತ್ಯ ಸಾಕ್ಷಿ. ಅಲ್ಲಿ ವಾಟರ್ ಹೀಟರ್, ಕುಲುಮೆಗಳನ್ನು ಬಾಡಿಗೆಗೆ ಕೊಟ್ಟ ಕಂಪನಿಗಳು ಮನೆಯ ಭೂದಾಖಲೆಯಲ್ಲೇ ತಮ್ಮ ಹಕ್ಕನ್ನು ನೋಂದಾಯಿಸುತ್ತಿದ್ದವು. ಮಾರಾಟದ ವೇಳೆ ಅದು ಬೆಳಕಿಗೆ ಬಂದಾಗ, ಮನೆಯವರು ದೊಡ್ಡ ಮೊತ್ತ ತೆತ್ತು ಬಿಡಿಸಿಕೊಳ್ಳಬೇಕಾಗುತ್ತಿತ್ತು. ವಿಶೇಷವಾಗಿ ವೃದ್ಧರು ಈ ಬಲೆಗೆ ಸಿಕ್ಕಿದ್ದರು. 2024ರ ಜೂನ್ 6ರಂದು ಕಾನೂನು ತಂದು, ಗೃಹಬಳಕೆಯ ಸಾಧನಗಳ ಮೇಲಿನ ಇಂಥ ನೋಂದಣಿಯನ್ನು ಸರ್ಕಾರ ನಿಷೇಧಿಸಿತು.

ನಮ್ಮಲ್ಲಿ ತೊಡಕು ತಿರುಗುಮುರುಗು. ಅಲ್ಲಿ ದಾಖಲೆಯಲ್ಲಿ ಕಂಡು ಕಾಡಿದ್ದು ಇಲ್ಲಿ ದಾಖಲೆಯಲ್ಲಿ ಕಾಣುವುದೇ ಇಲ್ಲ. ಋಣಭಾರ ಪ್ರಮಾಣಪತ್ರ ತೋರಿಸುವುದು ನೋಂದಾಯಿತ ವ್ಯವಹಾರಗಳನ್ನು ಮಾತ್ರ. ಹೀಗಾಗಿ ಕಾವೇರಿ ತಂತ್ರಾಂಶದಿಂದ ತೆಗೆದ ಪ್ರಮಾಣಪತ್ರ ಸ್ವಚ್ಛವಾಗಿದ್ದರೂ ಛಾವಣಿಯ ಮೇಲಿನ ಕರಾರು ಗುಪ್ತವಾಗಿಯೇ ಉಳಿದೀತು.

ಖರೀದಿದಾರರ ಮಾತಿಗೆ ಬೆಲೆ ಇರುವುದು ನೋಂದಣಿಯ ದಿನದವರೆಗೆ, ಪೂರ್ಣ ಹಣ ಕೈ ಬಿಡುವವರೆಗೆ. ಮನೆಯನ್ನು ಎರಡನೇ ಸಲ ನೋಡಲು ಹೋದಾಗ ಗೋಡೆಗೆ ಬಿಗಿದ, ಛಾವಣಿಗೆ ಕೂರಿಸಿದ ಪ್ರತಿಯೊಂದು ಸಾಧನದ ರಶೀದಿ ಕೇಳುವುದರಲ್ಲಿ ಸಂಕೋಚವೇನಿಲ್ಲ. ರಶೀದಿ ಇಲ್ಲವೆಂದರೆ ಅದು ಸ್ವಂತದ್ದೇ, ಬಾಡಿಗೆಯದೇ, ಕಂತು ಬಾಕಿಯಿದೆಯೇ ಎಂಬುದನ್ನು ಕ್ರಯದ ಕರಾರಿನಲ್ಲಿಯೇ ಬರೆಸಬೇಕು. ಬಾಡಿಗೆಯದಾದರೆ ನೋಂದಣಿಗೆ ಮುಂಚೆ ಮಾರಾಟಗಾರರೇ ಕರಾರು ಮುಗಿಸಿ ಸಾಧನ ತೆಗೆಸಬೇಕು. ತೆಗೆಸಲಾಗದಿದ್ದರೆ ಅಷ್ಟು ಹಣವನ್ನು ಹಿಡಿದಿಟ್ಟುಕೊಳ್ಳುವ ಷರತ್ತು ಇರಲಿ. ಮಧ್ಯವರ್ತಿಗಳು 'ಇದೆಲ್ಲ ಸಣ್ಣ ವಿಷಯ' ಎಂದು ಅವಸರ ಮಾಡುವುದು ಸಹಜ. ಅವರ ಕಮಿಷನ್ ನೋಂದಣಿಗೆ ಕಾಯುತ್ತಿರುತ್ತದೆ.

ಮನೆ ಕೊಂಡ ಮೇಲೆ ವಿಷಯ ತಿಳಿದುಬಂದರೆ? ಕರಾರಿನ ಪ್ರತಿ ಕೇಳಿ, ತಾವು ಅದಕ್ಕೆ ಸಹಿ ಮಾಡಿಲ್ಲವೆಂದೂ ಇಂತಿಷ್ಟು ದಿನದೊಳಗೆ ಸಾಧನ ತೆಗೆದುಕೊಂಡು ಹೋಗಬೇಕೆಂದೂ ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿಗೆ ತಿಳಿಸಬೇಕು. 'ಹೆಸರು ಬದಲಾವಣೆಗಷ್ಟೇ' ಎಂದು ತರುವ ಕಾಗದಕ್ಕೆ ಓದದೆ ಸಹಿ ಹಾಕಬಾರದು. ಒಂದು ತಿಂಗಳ ಬಾಡಿಗೆಯನ್ನು ತಮ್ಮ ಖಾತೆಯಿಂದ ಕಟ್ಟುವುದೂ ಅಪಾಯವೇ, ಮುಂದೆ ಅದನ್ನೇ ಒಪ್ಪಿಗೆಯೆಂದು ವಾದಿಸಬಹುದು. ಕೋಪದಲ್ಲಿ ಯಂತ್ರ ಕಿತ್ತು ಬೀದಿಗೆ ಹಾಕಿದರೆ ನಷ್ಟದ ಹೊಣೆ ತಮ್ಮ ಮೇಲೇ ಬರುತ್ತದೆ.

ಮಾರಾಟಗಾರರು ಮುಚ್ಚಿಟ್ಟ ವಿಷಯಕ್ಕೆ ಗ್ರಾಹಕ ಆಯೋಗ ಸಾಮಾನ್ಯವಾಗಿ ತಕ್ಕ ಜಾಗವಲ್ಲ. ಹಳೆಯ ಮನೆ ಮಾರಿದ ಖಾಸಗಿ ವ್ಯಕ್ತಿ ಸೇವೆ ಒದಗಿಸಿದವರ ಸಾಲಿಗೆ ಬರುವುದಿಲ್ಲವಾದ್ದರಿಂದ ಅದು ಸಿವಿಲ್ ನ್ಯಾಯಾಲಯದ ದಾವೆ. ಕರಾರಿಗೆ ತಾವೇ ಸಹಿ ಮಾಡಿ ಸಿಕ್ಕಿಕೊಂಡವರ ಸ್ಥಿತಿ ಬೇರೆ. ಅವರಿಗೆ 1915 ಸಹಾಯವಾಣಿ ಇದೆ, ಸೇವಾ ನ್ಯೂನತೆಗೆ ಕೋಲಾರದ ಜಿಲ್ಲಾ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಆದರೆ ಕರಾರೇ ಅನ್ಯಾಯದ್ದು, ಮಧ್ಯದಲ್ಲಿ ಬಿಡಲು ವಿಪರೀತ ದಂಡ ವಿಧಿಸುತ್ತದೆ ಎಂಬ ದೂರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ. ಅದಕ್ಕೆ ಕೆಜಿಎಫ್‌ನವರು ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು.