ನಡುದರ್ಜೆಯ ಅಂಕಗಳು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಮೂರು ಬಗೆಯ ಹವೆ ಬೀಸುತ್ತದೆ. ತೊಂಬತ್ತರ ಮೇಲೆ ಪಡೆದವರ ಮನೆಯಲ್ಲಿ ಪೇಢೆ ಹಂಚಿಕೆ. ನಪಾಸಾದವರ ಮನೆಯಲ್ಲಿ ಮೌನ. ಇವೆರಡೂ ಅರ್ಥವಾಗತಕ್ಕವೇ. ಆದರೆ ನೂರಕ್ಕೆ ಅರುವತ್ತೋ ಎಪ್ಪತ್ತೋ ಪಡೆದ ಮಕ್ಕಳ ಮನೆಯ ಸಂಕಟ ವಿಚಿತ್ರವಾದುದು. ಅಲ್ಲಿ ನಗುವಂತೆಯೂ ಇಲ್ಲ, ಅಳುವಂತೆಯೂ ಇಲ್ಲ. ಇದೇ ಅಂಕಪಟ್ಟಿಯನ್ನು ಹಿಡಿದು ಕಾಲೇಜಿನ ಬಾಗಿಲಿಗೆ ಹೋಗುವುದೋ, ಇನ್ನೊಮ್ಮೆ ಬರೆದು ನೋಡುವುದೋ ಎಂಬ ತರ್ಕದಲ್ಲಿಯೇ ಇಡೀ ವಾರ ಕಳೆದುಹೋಗುತ್ತದೆ.

ರಬಕವಿಯ ನೇಕಾರರ ಮನೆಯ ಒಬ್ಬ ಹುಡುಗಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಆಕೆಗೆ ಬಂದುದು 300ಕ್ಕೆ 210. ಮಗ್ಗದ ಸದ್ದಿನ ನಡುವೆ ತಂದೆ ಕೇಳುತ್ತಾನೆ: "ಪಾಸಾದಾಕಿ ಹೊಳ್ಳಿ ಪರೀಕ್ಷಾ ಬರದರ ಮಂದಿ ಏನಂದಾರು, ಯವ್ವಾ?" ಮಗಳ ಉತ್ತರ: "ಈಗ ಮೊದಲಿನಂಗ ಇಲ್ಲಪ್ಪಾ. ಕಡಿಮಿ ಬಂದ್ರ ಹಳೇ ಮಾರ್ಕ್ಸ್ ಹಂಗ ಉಳೀತಾವ."

ಮಗಳ ಮಾತೇ ಸರಿ. ತಂದೆಯ ಅಳುಕಿಗೆ ಕಾರಣ 'ಪೂರಕ ಪರೀಕ್ಷೆ' ಎಂಬ ಹಳೆಯ ಹೆಸರು. ಆ ಹೆಸರಿಗೆ ನಪಾಸಿನ ವಾಸನೆ ಅಂಟಿಕೊಂಡಿತ್ತು. 2024ರಲ್ಲಿ ಕರ್ನಾಟಕದಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ವ್ಯವಸ್ಥೆ ಬಂದಿತು. ತೇರ್ಗಡೆಯಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು; ಬಂದುದರಲ್ಲಿ ಉತ್ತಮವಾದುದು ಉಳಿಯುತ್ತದೆ. ಹೀಗಿರುವಲ್ಲಿ ಮಂದಿಯ ಮಾತನ್ನು ಲೆಕ್ಕದಿಂದ ತೆಗೆದುಹಾಕುವುದೇ ವಿವೇಕ.

ಲೆಕ್ಕವನ್ನಾದರೂ ನೋಡೋಣ. ಇಂಜಿನಿಯರಿಂಗ್ ಪ್ರವೇಶಕ್ಕೆ ಪರೀಕ್ಷಾ ಪ್ರಾಧಿಕಾರವು ಪಿ.ಯು.ಸಿ.ಯ ಈ ಮೂರು ವಿಷಯಗಳ ಅಂಕಗಳಿಗೆ ಅರ್ಧ, ಸಿ.ಇ.ಟಿ. ಅಂಕಗಳಿಗೆ ಅರ್ಧ ತೂಕ ಕೊಟ್ಟು ರ್‍ಯಾಂಕ್ ನಿಗದಿಮಾಡುತ್ತದೆ. ಹುಡುಗಿಯ 210 ಅಂಕ 50ಕ್ಕೆ 35 ಆಗುತ್ತದೆ. ಸಿ.ಇ.ಟಿ.ಯಲ್ಲಿ 180ಕ್ಕೆ 72 ಬಂದರೆ ಅದು 20, ಒಟ್ಟು 55. ಎರಡನೆಯ ಪರೀಕ್ಷೆಯಲ್ಲಿ 15 ಅಂಕ ಹೆಚ್ಚಿದರೆ ಒಟ್ಟು 57.5. ಎರಡೂವರೆ ಅಂಕವೇನು ಮಹಾ ಎಂದು ಮೂಗು ಮುರಿಯುವವರುಂಟು. ಆದರೆ ನಡುದರ್ಜೆಯಲ್ಲಿಯೇ ಜಾತ್ರೆಯ ನೂಕುನುಗ್ಗಲು. ಅಲ್ಲಿ ಅರ್ಧ ಅಂಕಕ್ಕೂ ಎಷ್ಟೋ ಮಂದಿ ಹಿಂದೆ ಸರಿಯುತ್ತಾರೆ. ಇದೇ ಎರಡೂವರೆ ಅಂಕವನ್ನು ಸಿ.ಇ.ಟಿ.ಯಿಂದ ಗಳಿಸಬೇಕಾದರೆ ಇನ್ನೂ ಒಂಬತ್ತು ಪ್ರಶ್ನೆಗಳಿಗೆ ಸರಿಯುತ್ತರ ಬೇಕು.

ತೊಡಕಿರುವುದು ಕಾಲದಲ್ಲಿ. 2025ರಲ್ಲಿ ಫಲಿತಾಂಶ ಬಂದುದು ಏಪ್ರಿಲ್ 8ರಂದು, ಎರಡನೆಯ ಪರೀಕ್ಷೆ ಆರಂಭವಾದುದು 24ರಂದು. ನಡುವಣ ಹದಿನಾರು ದಿನಗಳಲ್ಲಿಯೇ 16 ಮತ್ತು 17ರಂದು ಸಿ.ಇ.ಟಿ.! ಭೌತಶಾಸ್ತ್ರದಲ್ಲಿ ಪ್ರಾಯೋಗಿಕದ 30 ಅಂಕ ಬಿಟ್ಟರೆ ಬರವಣಿಗೆಗೆ ಉಳಿಯುವುದು 70. ಏರಿಕೆ ಬಹುಮಟ್ಟಿಗೆ ಅಲ್ಲಿಂದಲೇ ಬರಬೇಕು. ಜ್ವರದಲ್ಲಿ ಬರೆದವರಿಗೆ, ಒಂದೆರಡು ಅಧ್ಯಾಯ ಓದದೆ ಬಿಟ್ಟವರಿಗೆ ಇದು ಸಾಧ್ಯ. ಇಡೀ ವರ್ಷ ಗಣಿತಕ್ಕೆ ಬೆನ್ನು ತಿರುಗಿಸಿದವರಿಗೆ ಹದಿನಾರು ದಿನಗಳಲ್ಲಿ ಯಾವ ಪವಾಡವೂ ನಡೆಯದು.

ಅಂಕ ಎಣಿಕೆಗೇ ಬಾರದ ದಾರಿಗಳೂ ಇವೆ. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಕಾಮೆಡ್-ಕೆ ಪರೀಕ್ಷೆಯಲ್ಲಿ, ವೈದ್ಯಕೀಯದ ನೀಟ್‌ನಲ್ಲಿ ಪಿ.ಯು.ಸಿ. ಅಂಕ ಅರ್ಹತೆಯ ಗಡಿ ದಾಟಿದರಾಯಿತು. ರ್‍ಯಾಂಕಿಗೆ ಪ್ರವೇಶ ಪರೀಕ್ಷೆಯೊಂದೇ ಆಧಾರ. ಮುಧೋಳದ ಕಬ್ಬು ಬೆಳೆಗಾರರು, ಬೀಳಗಿಯ ರೈತರು ಮರೆಯಬಾರದ ಇನ್ನೊಂದು ಸಂಗತಿ: ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಮೀಸಲಾದ ಸ್ಥಾನಗಳಿಗೆ ಪ್ರಾಯೋಗಿಕ ಪರೀಕ್ಷೆಯುಂಟು; ಬೀಜ, ಬೆಳೆ, ಸಲಕರಣೆಗಳನ್ನು ಗುರುತಿಸುವ ಕಣ್ಣಿಗೂ ಅಲ್ಲಿ ಅಂಕ ಸಿಗುತ್ತದೆ. ತೋಟಗಾರಿಕೆ ವಿಶ್ವವಿದ್ಯಾಲಯವಂತೂ 2008ರಿಂದ ಬಾಗಲಕೋಟೆಯಲ್ಲಿಯೇ ಇದೆ. (ಮುಧೋಳದ ರನ್ನನು ಬಳೆಗಾರರ ಮನೆಯಿಂದ ಹೊರಟು ಅಜಿತಸೇನಾಚಾರ್ಯರಲ್ಲಿ ವಿದ್ಯೆ ಬೇಡಿದ ಹತ್ತನೆಯ ಶತಮಾನದಲ್ಲಿ ಅಂಕಪಟ್ಟಿ ಕೇಳುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ, ಆತನ ಅದೃಷ್ಟ!)

ಅಂಕ ಯಾವಾಗ ಲೆಕ್ಕಕ್ಕೆ ಬರಬೇಕೆಂಬುದು ನ್ಯಾಯಾಲಯದವರೆಗೂ ಹೋದುದುಂಟು. 2021ರಲ್ಲಿ ಮಹಾಮಾರಿಯ ಕಾರಣ ಪಿ.ಯು.ಸಿ. ಪರೀಕ್ಷೆಯೇ ನಡೆಯಲಿಲ್ಲ, ಆ ವರ್ಷ ಸಿ.ಇ.ಟಿ. ಅಂಕವನ್ನಷ್ಟೇ ಎಣಿಸಿದರು. ಅದೇ ತಂಡದ ಸಾವಿರಾರು ವಿದ್ಯಾರ್ಥಿಗಳು 2022ರಲ್ಲಿ ಮರಳಿ ಸಿ.ಇ.ಟಿ. ಬರೆದಾಗ ಅವರ ಪಿ.ಯು.ಸಿ. ಅಂಕವನ್ನು ಸೇರಿಸದಿರಲು ಪ್ರಾಧಿಕಾರ ನಿರ್ಧರಿಸಿತು. ವಿದ್ಯಾರ್ಥಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ ಕೆಲವು ಅಂಕಗಳನ್ನು ಕಳೆದು ಉಳಿದುದನ್ನು ಸೇರಿಸುವ ಸೂತ್ರವೊಂದು ಒಪ್ಪಿತವಾಯಿತು.

ಅಮೆರಿಕದಲ್ಲಿಯಾದರೋ ಅಂಕವನ್ನು ಬಚ್ಚಿಡುವ ಸ್ವಾತಂತ್ರ್ಯವೇ ಇದೆ. ಬೋಡನ್ ಕಾಲೇಜು 1969ರಲ್ಲಿಯೇ ಪ್ರವೇಶ ಪರೀಕ್ಷೆಯ ಅಂಕ ಕಳುಹಿಸುವುದನ್ನು ಐಚ್ಛಿಕಗೊಳಿಸಿತು. 2020ರ ಬಳಿಕ ನೂರಾರು ಕಾಲೇಜುಗಳು ಅದೇ ಹಾದಿ ಹಿಡಿದವು. ಆದರೆ 2024ರಲ್ಲಿ ಡಾರ್ಟ್‌ಮತ್ ಕಾಲೇಜು ಅಂಕವನ್ನು ಮತ್ತೆ ಕಡ್ಡಾಯಗೊಳಿಸುವಾಗ ಒಂದು ಕುತೂಹಲದ ಕಾರಣ ಹೇಳಿತು. ಬಡ ಮನೆಗಳ ಎಷ್ಟೋ ಮಕ್ಕಳು ತಮ್ಮ ಅಂಕ ಸಾಧಾರಣವೆಂದು ನಾಚಿ ಮುಚ್ಚಿಟ್ಟಿದ್ದರಂತೆ; ಅವರು ಓದಿದ ಶಾಲೆಯ ಸ್ಥಿತಿಯೊಡನೆ ತೂಗಿ ನೋಡಿದ್ದರೆ ಅದೇ ಅಂಕ ಅವರಿಗೆ ಸಹಾಯವಾಗುತ್ತಿತ್ತು!

ನಮ್ಮ ಸಿ.ಇ.ಟಿ. ಪದ್ಧತಿಯಲ್ಲಿ ಹೀಗೆ ಮನೆಯ ಮಗ್ಗವನ್ನೂ ಅಂಕದ ಜತೆಗಿಟ್ಟು ತೂಗುವ ತಕ್ಕಡಿಯಿಲ್ಲ. ಆದುದರಿಂದ ರಬಕವಿಯ ಆ ಹುಡುಗಿ ಎಲ್ಲ ವಿಷಯಗಳನ್ನೂ ಹೊತ್ತುಕೊಳ್ಳದೆ, ಕೈಜಾರಿದ ಒಂದೆರಡು ವಿಷಯಗಳಿಗಷ್ಟೇ ಹೆಸರು ನೋಂದಾಯಿಸುವುದು ಮೇಲು. ನೋಂದಣಿಗೆ ದೊರೆಯುವ ದಿನಗಳು ಕೆಲವೇ ಆದುದರಿಂದ ತಂದೆಮಗಳ ಚರ್ಚೆ ಮರುದಿನಕ್ಕೇ ಮುಗಿಯಬೇಕು. ಬಿ.ಎಸ್‌ಸಿ.ಯ ಅರ್ಜಿಯನ್ನೂ ಇದೇ 210ರ ಆಧಾರದ ಮೇಲೆ ಜತೆಯಲ್ಲಿಯೇ ಸಲ್ಲಿಸಿಡಲು ಯಾವ ಅಡ್ಡಿಯೂ ಇಲ್ಲ.