ಒಂದೇ ಬೆಲೆ, ಎರಡು ಸಾಧನ: ಕಿವಿಯೊಳಗಿನದೋ, ಕಿವಿಯ ಮೇಲಿನದೋ?

ಸಮಾನ ಬೆಲೆಯ ಎರಡು ವಸ್ತುಗಳು ಎದುರಿಗಿದ್ದಾಗ ನಮ್ಮ ಜನ ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡದಾದುದನ್ನೇ ಆರಿಸಿಕೊಳ್ಳುತ್ತಾರೆ. ಕೊಟ್ಟ ಹಣಕ್ಕೆ ಕೈತುಂಬ ಬಂದಿತೆಂಬ ಸಮಾಧಾನ ಅದರಲ್ಲಿದೆ. ಪಾತ್ರೆ, ಪೆಟ್ಟಿಗೆ, ಪೀಠೋಪಕರಣಗಳ ವಿಷಯದಲ್ಲಿ ಈ ಲೆಕ್ಕ ತಕ್ಕಮಟ್ಟಿಗೆ ಸರಿಯಿರಬಹುದು. ಸಂಗೀತ ಕೇಳುವ ಸಾಧನಗಳ ವಿಷಯದಲ್ಲಿ ಮಾತ್ರ ಅದು ತಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಕಿವಿಯ ನಾಳದೊಳಗೆ ಕುಳಿತುಕೊಳ್ಳುವ ಇನ್-ಇಯರ್ ಮಾನಿಟರ್ ಒಂದು ಕಡೆ, ಇಡೀ ಕಿವಿಯನ್ನು ಆವರಿಸುವ ದೊಡ್ಡ ಹೆಡ್‌ಫೋನು ಇನ್ನೊಂದು ಕಡೆ. ಎರಡೂ ಎರಡು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುತ್ತವೆ. ಯಾವುದನ್ನು ಕೊಳ್ಳಬೇಕು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಬಸವಕಲ್ಯಾಣದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು. ಅವರ ಮಗಳು ದಿನವೂ ಬಸ್ಸಿನಲ್ಲಿ ಹುಮನಾಬಾದಕ್ಕೆ ಹೋಗಿ ಓದುತ್ತಾಳೆ. ಜೊತೆಗೆ ಹಿಂದೂಸ್ತಾನಿ ಗಾಯನವನ್ನು ಅಭ್ಯಾಸ ಮಾಡುತ್ತಿದ್ದಾಳೆ. ತಂದೆಗೆ ದೊಡ್ಡ ಹೆಡ್‌ಫೋನು ಗಟ್ಟಿಮುಟ್ಟಾಗಿ ಕಾಣುತ್ತದೆ. ಮನೆಯ ಅಜ್ಜಿಯದು ಇನ್ನೂ ಖಡಾಖಂಡಿತವಾದ ಮಾತು: ಕಿವಿಯೊಳಗೆ ತುರುಕುವ ಯಾವ ವಸ್ತುವೂ ಬೇಡ, ಕಿವುಡಾಗುತ್ತದೆ. ಎರಡು ಸಾವಿರ ರೂಪಾಯಿ ಆ ಮನೆಗೆ ಸಣ್ಣ ಮೊತ್ತವಲ್ಲ. ಹುಡುಗಿಯ ಕಿವಿಯಂತೂ ಅದಕ್ಕಿಂತ ಸಾವಿರ ಪಾಲು ಬೆಲೆಯುಳ್ಳದ್ದು. ಆದ್ದರಿಂದ ಉತ್ತರವನ್ನು ಹಗುರವಾಗಿ ಕೊಡಲಾಗದು.

ನಮ್ಮ ಸೀಮೆಗೆ ಕೇಳುವ ವಿದ್ಯೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳ ವಿನೋದಗಳಿಗೆ ಪ್ರತ್ಯೇಕ ಸ್ಥಾನವಿದೆ. ಅವನ ಮಗ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ ಎಂಬ ಗ್ರಂಥವನ್ನೇ ಬರೆದನು. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಹುಮನಾಬಾದದ ಬಳಿಯ ಮಾಣಿಕನಗರದಲ್ಲಿ ನೆಲೆನಿಂತು ಮರಾಠಿ, ಹಿಂದಿ, ಕನ್ನಡ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಅಲ್ಲಿನ ದತ್ತಜಯಂತಿಯ ಉತ್ಸವದಲ್ಲಿ ಸಂಗೀತಸೇವೆಗೆ ಇಂದಿಗೂ ಗೌರವದ ಸ್ಥಾನವಿದೆ. ಇಂತಹ ನೆಲದ ಮಗುವೊಂದು ತಂಬೂರಿಯ ನಾದವನ್ನು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳುತ್ತಿದೆಯೆಂದರೆ ಅದಕ್ಕೆ ದೊರೆಯುತ್ತಿರುವುದು ಅರ್ಧ ನಾದ ಮಾತ್ರ. ಗಾಯಕನು ‘ಕಪ್ಪು ಒಂದ’ರಲ್ಲಿ ಹಾಡುವಾಗ ಅವನ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಖರ್ಜ ತಂತಿ ಅದರ ಅರ್ಧ, ಎಂದರೆ ಸುಮಾರು 69 ಹರ್ಟ್ಸ್. ಮೊಬೈಲಿನ ಸ್ಪೀಕರಿಗೆ ಆ ಮೂಲಸ್ವರವನ್ನು ನುಡಿಸುವ ಶಕ್ತಿಯೇ ಇಲ್ಲ. ಮೇಲಿನ ಉಪಸ್ವರಗಳಿಂದ ನಮ್ಮ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ, ಅಷ್ಟೆ. ಕಲಿಯುವವರು ಊಹೆಯ ಮೇಲೆ ಶ್ರುತಿ ಸೇರಿಸಬಾರದು. ಆದ್ದರಿಂದ ಒಳ್ಳೆಯ ಸಾಧನವೊಂದು ಆ ಹುಡುಗಿಗೆ ವಿಲಾಸವಲ್ಲ, ಅವಶ್ಯಕತೆ.

ಈಗ ಎರಡು ಸಾಧನಗಳ ಹುಟ್ಟನ್ನು ನೋಡೋಣ. ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ಅಲ್ಲಿನ ನೌಕಾಪಡೆಗೆ ಹೆಡ್‌ಫೋನುಗಳನ್ನು ಮಾಡಿಕೊಟ್ಟನು. 1958ರಲ್ಲಿ ಜಾನ್ ಕಾಸ್ ಸಂಗೀತಕ್ಕಾಗಿ ಸ್ಟೀರಿಯೋ ಹೆಡ್‌ಫೋನನ್ನು ತಂದನು. ಅದು ಮೂಲತಃ ಮನೆಯ ಕುರ್ಚಿಯಲ್ಲಿ ಕುಳಿತು ಕೇಳುವವರ ಸಾಧನ. ಇನ್-ಇಯರ್ ಮಾನಿಟರಿನ ಕಥೆ ಬೇರೆ. 1995ರಲ್ಲಿ ಜೆರ್ರಿ ಹಾರ್ವಿ ಎಂಬ ಧ್ವನಿತಂತ್ರಜ್ಞನು ವೇದಿಕೆಯ ಭೀಕರ ಗದ್ದಲದ ನಡುವೆ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗೆ ಸಂಗೀತ ಸ್ಪಷ್ಟವಾಗಿ ಕೇಳಿಸಲೆಂದು ಅದನ್ನು ರೂಪಿಸಿದನು. ಹೊರಗಿನ ಸದ್ದನ್ನು ತಡೆದು, ಒಳಗಿನ ಸದ್ದನ್ನು ಮೆಲ್ಲಗೆ ಕೇಳಿಸುವುದೇ ಅದರ ಉದ್ದೇಶ. ಯೋಚಿಸಿದರೆ, ಆ ಡ್ರಮ್ ವಾದಕನ ಕಷ್ಟವೂ ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಯಲ್ಲಿ ಗಡಗಡಿಸುವ ಬಸ್ಸಿನಲ್ಲಿ ಕುಳಿತ ವಿದ್ಯಾರ್ಥಿನಿಯ ಕಷ್ಟವೂ ಒಂದೇ ಜಾತಿಯವು.

ಹಣದ ಲೆಕ್ಕಕ್ಕೆ ಬರೋಣ. ದೊಡ್ಡ ಹೆಡ್‌ಫೋನಿನಲ್ಲಿ ತಲೆಪಟ್ಟಿ, ಕೀಲುಗಳು, ಮೆತ್ತೆಗಳು, ಅಗಲವಾದ ಚಿಪ್ಪುಗಳು ಇರುತ್ತವೆ. ಅಗ್ಗದ ಬೆಲೆಯಲ್ಲಿ ಕೊಟ್ಟ ಹಣದ ಬಹುಪಾಲು ಇವುಗಳಿಗೇ ಸಲ್ಲುತ್ತದೆ. ಅದರ ಸುಮಾರು 40 ಮಿಲಿಮೀಟರ್ ಅಗಲದ ಪೊರೆ ಕಿವಿಯ ಸುತ್ತಲಿನ ಗಾಳಿಯನ್ನೆಲ್ಲ ಕದಲಿಸಬೇಕು. ಕಿವಿಯೊಳಗಿನ ಸಾಧನದ ಪೊರೆ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸಿನಲ್ಲಿದ್ದೀತು. ಆದರೆ ಅದು ಕದಲಿಸಬೇಕಾದುದು ಸುಮಾರು ಒಂದು ಅಂಗುಲ ಉದ್ದದ, ಮುಚ್ಚಿದ ನಾಳದಲ್ಲಿರುವ ಚಿಟಿಕೆಯಷ್ಟು ಗಾಳಿಯನ್ನು. ಆದ್ದರಿಂದಲೇ ಕೆ.ಝೆಡ್., ಮೂನ್‌ಡ್ರಾಪ್‌ನಂತಹ ಚೀನಾದ ತಯಾರಕರು ಕಡಿಮೆ ಬೆಲೆಯಲ್ಲಿ ಅಚ್ಚರಿ ಹುಟ್ಟಿಸುವಷ್ಟು ಒಳ್ಳೆಯ ಧ್ವನಿಯನ್ನು ಕೊಡಬಲ್ಲವರಾಗಿದ್ದಾರೆ. ಬೆಲೆಯೇ ಗುಣದ ಅಳತೆಯಲ್ಲವೆಂಬುದಕ್ಕೆ ಪ್ರಮಾಣವೂ ಇದೆ: ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು ಎರಡೂ ಬಗೆಯ ಒಟ್ಟು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅವುಗಳ ಆವರ್ತನ ಪ್ರತಿಕ್ರಿಯೆಗೂ ಮಾರಾಟದ ಬೆಲೆಗೂ ಸಂಬಂಧ ಕಾಣಲಿಲ್ಲವೆಂದು ತೋರಿಸಿದರು.

ಇನ್ನು ಅಜ್ಜಿಯ ಭಯ. ಅದನ್ನು ನಗೆಯಾಡಿ ತಳ್ಳಿಹಾಕುವುದು ಸಲ್ಲದು. ಅದರ ಹಿಂದಿನ ಕಾಳಜಿ ನಿಜ, ಕಾರಣ ಮಾತ್ರ ಬೇರೆ. ಕಿವಿಯನ್ನು ಕೆಡಿಸುವುದು ಸಾಧನ ಕುಳಿತ ಸ್ಥಳವಲ್ಲ, ಸದ್ದಿನ ಪ್ರಮಾಣ ಮತ್ತು ಅದನ್ನು ಕೇಳಿದ ಅವಧಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬಲ್ ಮೀರಬಾರದು; ಮಕ್ಕಳಿಗೆ ಆ ಮಿತಿ 75. ಮೂರು ಡೆಸಿಬಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧವಾಗುತ್ತ ಹೋಗಿ, 90 ಡೆಸಿಬಲ್ ತಲುಪುವಾಗ ವಾರಕ್ಕೆ ನಾಲ್ಕು ಗಂಟೆ ಮಾತ್ರ ಉಳಿಯುತ್ತದೆ. ಹಳೆಯ ಬಸ್ಸಿನೊಳಗೆ ಎಂಜಿನ್, ಕಿಟಕಿ, ಹಾರನ್ನುಗಳ ಗದ್ದಲ ಸೇರಿ 80 ಡೆಸಿಬಲ್ ಮುಟ್ಟುವುದು ಅಸಾಧಾರಣವೇನಲ್ಲ. ಸದ್ದು ಸೋರುವ ಸಾಧನ ಕಿವಿಯಲ್ಲಿದ್ದರೆ ಹಾಡು ಆ ಗದ್ದಲವನ್ನು ಮೀರಬೇಕು. ಹುಡುಗಿ ಧ್ವನಿಯನ್ನು ಏರಿಸುತ್ತಾಳೆ, ಏರಿಸಿದ್ದು ಅರಿವಿಗೂ ಬರುವುದಿಲ್ಲ. ಸರಿಯಾಗಿ ಕುಳಿತ ಇನ್-ಇಯರ್ ಸಾಧನ ಹೊರಗಿನ ಮಾತು, ಹಾರನ್ನುಗಳನ್ನು 20 ಡೆಸಿಬಲ್ ಆಸುಪಾಸಿನಷ್ಟು ತಗ್ಗಿಸುತ್ತದೆ. ಎಂಜಿನ್ನಿನ ಗುಡುಗನ್ನು ಅಷ್ಟಾಗಿ ತಡೆಯದು, ಆದರೂ ಮೆಲುದನಿಯಲ್ಲಿ ಕೇಳಲು ಅಷ್ಟು ಸಾಕು. ಹೀಗೆ, ಅಪಾಯಕಾರಿಯೆಂದು ತೋರುವ ವಸ್ತುವೇ ಬಸ್ಸಿನಲ್ಲಿ ಕಿವಿಗೆ ಹೆಚ್ಚು ಕ್ಷೇಮಕರವಾಗುತ್ತದೆ. ಒಂದೇ ಷರತ್ತು: ತಗ್ಗಿದ ಗದ್ದಲದ ಲಾಭವನ್ನು ಧ್ವನಿ ತಗ್ಗಿಸುವುದಕ್ಕೇ ಬಳಸಬೇಕು.

ಹಾಗೆಂದು ದೊಡ್ಡ ಹೆಡ್‌ಫೋನು ನಿರುಪಯೋಗಿಯೆಂದು ನಾನು ಹೇಳಲಾರೆ. ಕಿವಿ ಸೋರುವವರು, ಸೋಂಕು ಇರುವವರು, ಗುಗ್ಗೆ ಬೇಗ ಕಟ್ಟುವವರು ನಾಳದೊಳಗೆ ಏನನ್ನೂ ಇಟ್ಟುಕೊಳ್ಳಬಾರದು. ಶ್ರವಣಯಂತ್ರ ಧರಿಸುವ ಹಿರಿಯರಲ್ಲಿ ಹಲವರಿಗೆ ಅದನ್ನು ತೆಗೆಯದೆಯೇ ಮೇಲೆ ಧರಿಸಲು ಅನುಕೂಲವಾಗುವುದು ಅಗಲವಾದ ಮೆತ್ತೆಯ ಹೆಡ್‌ಫೋನೇ. ಬೆರಳು ನಡುಗುವವರಿಗೆ ಎಡ-ಬಲ ನೋಡಿ ಸಣ್ಣ ಮೊಗ್ಗನ್ನು ಕಿವಿಗೆ ಕೂರಿಸುವುದು ಶಿಕ್ಷೆಯಾದೀತು. ಮನೆಯ ನಾಲ್ವರು ಒಂದೇ ಸಾಧನವನ್ನು ಹಂಚಿಕೊಳ್ಳುವುದಾದರೂ ಶುಚಿತ್ವದ ದೃಷ್ಟಿಯಿಂದ ಕಿವಿಯ ಮೇಲಿನದೇ ಲೇಸು. ಶಾಂತವಾದ ಕೋಣೆಯಲ್ಲಿ ಕುಳಿತು ಕೇಳುವಾಗ ಅದರಲ್ಲಿ ಹಾಡು ತಲೆಯೊಳಗೆ ಅಂಟಿಕೊಳ್ಳದೆ ತುಸು ದೂರದಿಂದ ಬಂದಂತೆ ತೋರುತ್ತದೆ. ನಮ್ಮ ಹೊರಕಿವಿಯ ಮಡಿಕೆಗಳೂ ಕೇಳ್ಮೆಯಲ್ಲಿ ಪಾಲ್ಗೊಳ್ಳುವುದೇ ಇದಕ್ಕೆ ಒಂದು ಕಾರಣ. ಆದರೆ ಬೀದರ ಜಿಲ್ಲೆಯ ಬೇಸಿಗೆಯಲ್ಲಿ ಕೃತಕ ಚರ್ಮದ ಮೆತ್ತೆಯನ್ನು ಎರಡು ಗಂಟೆ ಕಿವಿಗೆ ಒತ್ತಿಕೊಂಡವರಿಗೆ ಅದರ ಬೆವರಿನ ಬೆಲೆಯೂ ತಿಳಿದಿರುತ್ತದೆ.

ಆದ್ದರಿಂದ ಆ ತಂದೆಗೆ ನಾನು ಹೇಳಿದ್ದು ಇಷ್ಟು. ಮಗಳಿಗೆ ತಂತಿಯುಳ್ಳ ಇನ್-ಇಯರ್ ಮಾನಿಟರ್ ಕೊಡಿಸಿರಿ. ತಂತಿರಹಿತವಾದುದರಲ್ಲಿ ಹಣದ ಪಾಲು ಬ್ಯಾಟರಿಗೂ ಚಿಪ್‌ಗೂ ಹೋಗುತ್ತದೆ. ಮೊಬೈಲಿನಲ್ಲಿ ದುಂಡನೆಯ ತೂತು ಇಲ್ಲದಿದ್ದರೆ ಅಡಾಪ್ಟರಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಳಚಿ ಬದಲಿಸಬಹುದಾದ ತಂತಿಯಿರಲಿ, ಏಕೆಂದರೆ ಮೊದಲು ಕೆಡುವುದು ಅದೇ. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಯ ರಬ್ಬರ್ ತುದಿಗಳನ್ನೂ ಹಾಕಿ ನೋಡಿ, ಖರ್ಜದ ನಾದ ತುಂಬಿ ಕೇಳುವುದನ್ನೇ ಉಳಿಸಿಕೊಳ್ಳಲಿ. ತುದಿ ಸಡಿಲವಾದರೆ ಮಂದ್ರ ಸೋರಿಹೋಗಿ, ಒಳ್ಳೆಯ ಸಾಧನವೂ ತಗಡಿನಂತೆ ಕೇಳುತ್ತದೆ. ವಾರಕ್ಕೊಮ್ಮೆ ಅವುಗಳನ್ನು ತೊಳೆದು ಒಣಗಿಸಲಿ, ಗೆಳತಿಯರೊಡನೆ ಹಂಚಿಕೊಳ್ಳದಿರಲಿ. ಬಸ್ಸಿನಿಂದ ಇಳಿಯುವ ಮೊದಲೇ ಎರಡನ್ನೂ ಕಿವಿಯಿಂದ ತೆಗೆದು ಚೀಲದಲ್ಲಿಡಲಿ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಲಾರಿಗಳಿಗೆ ಯಾವ ರಾಗದ ಮೇಲೂ ದಾಕ್ಷಿಣ್ಯವಿಲ್ಲ.

ಮುಂದೊಂದು ದಿನ ಅದೇ ಮೊತ್ತ ಮತ್ತೆ ಕೂಡಿಬಂದಾಗ ಅಜ್ಜಿಗೆಂದು ದೊಡ್ಡ ಹೆಡ್‌ಫೋನು ಮನೆಗೆ ಬರಲಿ. ಸಾಧನಗಳ ಪೈಕಿ ಯಾವುದು ಮೇಲು, ಯಾವುದು ಕೀಳೆಂಬ ವಾದಕ್ಕೆ ಕೊನೆಯಿಲ್ಲ. ಯಾರ ಕಿವಿ, ಯಾವ ಸ್ಥಳ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡವರಿಗೆ ಅಂಗಡಿಯ ಮುಂದೆ ನಿಲ್ಲುವ ಮೊದಲೇ ಉತ್ತರ ದೊರೆತಿರುತ್ತದೆ. ಕೆಟ್ಟುಹೋದ ತಂತಿಯನ್ನು ಇನ್ನೂರು ಮುನ್ನೂರು ರೂಪಾಯಿಗೆ ಬದಲಿಸಬಹುದು. ಕಿವಿಯ ಒಳಗೆ, ಶಂಖದಂತೆ ಸುರುಳಿಗೊಂಡ ಆ ಸಣ್ಣ ಮನೆಯಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಯಾವ ಪೇಟೆಯಲ್ಲಿಯೂ ಬಿಡಿಭಾಗ ದೊರೆಯದು.